ಮೂಳೆ ಕ್ಯಾನ್ಸರ್: ದೇಹದ ಕಾವಲುಗಾರರನ್ನು ಎಚ್ಚರಿಸುವ ಪ್ರಯತ್ನ



ಕ್ಯಾನ್ಸರ್ ಎಂದೊಡನೆ ನಮಗೆ ವಯಸ್ಸಾದವರ ನೆನಪಾಗುತ್ತದೆ. ಆದರೆ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಬರುವುದು ಹದಿಹರೆಯದವರಿಗೆ, ಅದರಲ್ಲೂ ಮೊಣಕಾಲಿನ ಹತ್ತಿರದ ಮೂಳೆಗಳಿಗೆ. ಅಲ್ಲಿಂದ ಅದು ಶ್ವಾಸಕೋಶಕ್ಕೆ ಹರಡುತ್ತದೆ. ಅಪರೂಪದ ರೋಗವಾದ್ದರಿಂದ ಭಯ ಬೇಡ, ತಿಳುವಳಿಕೆ ಬೇಕು.

1970ರ ದಶಕಕ್ಕೆ ಮೊದಲು ಕಾಲು ಕತ್ತರಿಸಿದರೂ ಐವರಲ್ಲಿ ಸುಮಾರು ಒಬ್ಬರು ಮಾತ್ರ ಉಳಿಯುತ್ತಿದ್ದರು. ಕೀಮೋಥೆರಪಿ ಬಂದ ಮೇಲೆ, ಹರಡುವ ಮುನ್ನ ಪತ್ತೆಯಾದ ಹತ್ತು ಮಂದಿಯಲ್ಲಿ ಆರೇಳು ಮಂದಿ ಬದುಕುತ್ತಿದ್ದಾರೆ. ಆದರೆ 1980ರ ದಶಕದಿಂದೀಚೆಗೆ ಈ ಸಂಖ್ಯೆ ಹೆಚ್ಚೇನೂ ಮೇಲೇರಿಲ್ಲ. ಆದ್ದರಿಂದಲೇ ಹಲವು ದೇಶಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಒಂದು ಪ್ರಶ್ನೆಯ ಬೆನ್ನು ಹತ್ತಿದ್ದಾರೆ: ನಮ್ಮ ರೋಗನಿರೋಧಕ ಶಕ್ತಿಯೇ ಈ ಗೆಡ್ಡೆಯೊಡನೆ ಹೋರಾಡುವಂತೆ ಮಾಡಬಹುದೇ?

ಈ ಪ್ರಶ್ನೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. 1890ರಲ್ಲಿ ನ್ಯೂಯಾರ್ಕಿನ ಯುವ ಶಸ್ತ್ರವೈದ್ಯ ವಿಲಿಯಂ ಕೋಲಿ ಅವರ ಬಳಿ 17 ವರ್ಷದ ಹುಡುಗಿಯೊಬ್ಬಳು ಕೈನೋವೆಂದು ಬಂದಳು. ಅದು ಮೂಳೆಯ ಕ್ಯಾನ್ಸರ್. ಕೈ ಕತ್ತರಿಸಿದರೂ ಕೆಲವೇ ತಿಂಗಳಲ್ಲಿ ಅವಳು ತೀರಿಕೊಂಡಳು. ನೊಂದ ಕೋಲಿ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ಜಾಲಾಡಿದರು. ಅಲ್ಲೊಬ್ಬ ರೋಗಿಗೆ ಚರ್ಮದ ತೀವ್ರ ಸೋಂಕು ತಗುಲಿ ಜ್ವರ ಬಂದ ಮೇಲೆ ಕುತ್ತಿಗೆಯ ಗೆಡ್ಡೆ ಕರಗಿಹೋಗಿತ್ತು. ಸೋಂಕು ದೇಹದ ಕಾವಲುಗಾರರನ್ನು ಕೆರಳಿಸಿತ್ತು. ಕೋಲಿ ಬ್ಯಾಕ್ಟೀರಿಯಾಗಳಿಂದಲೇ ಚುಚ್ಚುಮದ್ದು ತಯಾರಿಸಿದರು. ಕೆಲವರಿಗೆ ಗುಣವಾಯಿತು, ಹಲವರಿಗೆ ಆಗಲಿಲ್ಲ.

ಅದೇ ಯೋಚನೆ ಮಿಫಾಮುರ್ಟೈಡ್ ಎಂಬ ಔಷಧದಲ್ಲಿ ಮರಳಿ ಬಂದಿದೆ. ಬ್ಯಾಕ್ಟೀರಿಯಾದ ಹೊರಗೋಡೆಯ ಒಂದು ತುಣುಕನ್ನು ಹೋಲುವಂತೆ ಇದನ್ನು ತಯಾರಿಸುತ್ತಾರೆ. ನಿಜವಾದ ಸೋಂಕಿಲ್ಲದಿದ್ದರೂ, ಶತ್ರುಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ಕೋಶಗಳು ಇದರಿಂದ ಎಚ್ಚರಗೊಳ್ಳುತ್ತವೆ. ದೊಡ್ಡ ಪರೀಕ್ಷೆಯೊಂದರಲ್ಲಿ, ಕೀಮೋಥೆರಪಿಯ ಜೊತೆ ಇದನ್ನು ಕೊಟ್ಟಾಗ ಆರು ವರ್ಷದ ನಂತರ ಬದುಕಿದ್ದವರ ಪ್ರಮಾಣ ಶೇ. 70ರಿಂದ 78ಕ್ಕೆ ಏರಿತು. 2009ರಲ್ಲಿ ಯುರೋಪ್ ಇದಕ್ಕೆ ಅನುಮತಿ ನೀಡಿತು. ಪುರಾವೆ ಸಾಲದೆಂದು ಅಮೆರಿಕ ನೀಡಲಿಲ್ಲ.

ಬೇರೆ ಕೆಲವು ಕ್ಯಾನ್ಸರುಗಳಲ್ಲಿ ಗೆದ್ದ ಇಮ್ಯುನೋಥೆರಪಿ ಔಷಧಗಳು ಇಲ್ಲಿ ಸೋತಿವೆ. 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಪೆಂಬ್ರೋಲಿಝುಮಾಬ್ ಪಡೆದ 22 ಆಸ್ಟಿಯೋಸಾರ್ಕೋಮಾ ರೋಗಿಗಳಲ್ಲಿ ಒಬ್ಬರ ಗೆಡ್ಡೆ ಮಾತ್ರ ಕುಗ್ಗಿತು. ಆ ಔಷಧ ಮಾಡುವುದು ಟಿ ಕೋಶಗಳ ಕಟ್ಟು ಬಿಚ್ಚುವ ಕೆಲಸ. ಈ ಗೆಡ್ಡೆಯೊಳಗೆ ಟಿ ಕೋಶಗಳೇ ಕಡಿಮೆ. ಇರುವ ಮ್ಯಾಕ್ರೊಫೇಜ್‌ಗಳನ್ನೂ ಗೆಡ್ಡೆ ಮಂಕಾಗಿಸುತ್ತದೆ, ಕೆಲವೊಮ್ಮೆ ತನ್ನ ಬೆಳವಣಿಗೆಗೇ ಬಳಸಿಕೊಳ್ಳುತ್ತದೆ. ಕಾವಲುಗಾರರನ್ನು ಒಳಗೆ ಕರೆತರುವುದು ಹೇಗೆ, ದಾರಿ ತಪ್ಪಿದವರನ್ನು ತಿರುಗಿಸುವುದು ಹೇಗೆ ಎಂಬುದೇ ಇಂದಿನ ಸಂಶೋಧನೆ. ಇಲಿಗಳ ಮೇಲೆ ಮಾತ್ರವಲ್ಲ, ಇದೇ ರೋಗ ಸಹಜವಾಗಿ ಬರುವ ನಾಯಿಗಳಲ್ಲೂ ಪರೀಕ್ಷೆ ನಡೆಯುತ್ತಿದೆ.

ಇದರಿಂದ ನಾವು ತಿಳಿಯಬೇಕಾದದ್ದು ಎರಡು. ಮೊದಲನೆಯದು, ‘ಇಮ್ಯುನಿಟಿ ಹೆಚ್ಚಿಸುತ್ತದೆ’ ಎಂದು ಮಾರುವ ಪುಡಿ, ಕಷಾಯಗಳಿಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ. ಅವನ್ನು ನಂಬಿ ಶಸ್ತ್ರಚಿಕಿತ್ಸೆ, ಕೀಮೋಥೆರಪಿ ಬಿಟ್ಟರೆ ಮಗುವಿನ ಜೀವಕ್ಕೇ ಕುತ್ತು. ಎರಡನೆಯದು, ಮಗನೋ ಮಗಳೋ ವಾರಗಟ್ಟಲೆ ಒಂದೇ ಕಡೆ ಮೂಳೆ ನೋವೆಂದರೆ, ರಾತ್ರಿ ನೋವು ಹೆಚ್ಚಾದರೆ, ಊತ ಕಂಡರೆ, ಆಟದಲ್ಲಿ ಬಿದ್ದ ಪೆಟ್ಟೆಂದು ಎಣ್ಣೆ ತಿಕ್ಕಿಸುತ್ತಾ ಕೂರಬೇಡಿ. ವೈದ್ಯರಿಗೆ ತೋರಿಸಿ ಎಕ್ಸ್‌ರೇ ಮಾಡಿಸಿ. ಹೆಚ್ಚಿನ ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆಗಿದ್ದರೆ, ಹರಡುವ ಮುನ್ನ ಸಿಕ್ಕಿದ ಆ ಕೆಲವು ವಾರಗಳೇ ಮಗುವನ್ನು ಉಳಿಸಬಹುದು.