ಕಮಲಾಪುರದ ಪಿನ್‌ಕೋಡ್ ಒಡೆಯುವುದಿಲ್ಲ

ಕಲಬುರಗಿ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 585101. ಹುಮನಾಬಾದ್ ರಸ್ತೆಯಲ್ಲಿ ಸಿಗುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ್ದು 585313. 1972ರ ಆಗಸ್ಟ್ 15ರಂದು ಪಿನ್ ಪದ್ಧತಿ ಬಂದದ್ದು ಕಾಗದಗಳನ್ನು ಬೇಗ ವಿಂಗಡಿಸಲೆಂದು. ಗಣಿತದ ಗುಣ ನೋಡಿ ಯಾರೂ ಸಂಖ್ಯೆ ಹಂಚಲಿಲ್ಲ. ಆದರೂ ಭಾಗಿಸಲು ಕೂತರೆ ಎರಡರ ಸ್ವಭಾವವೇ ಬೇರೆ.

ಕಲಬುರಗಿಯ ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಕೂಡಿ: 5+5+0=10, 8+1+1=10. ಎರಡು ಮೊತ್ತವೂ ಒಂದೇ ಬಂದರೆ ಸಂಖ್ಯೆ 11ರಿಂದ ಭಾಗವಾಗುತ್ತದೆ. ಪೂರ್ತಿ ಒಡೆದರೆ 11×43×1237. ಇಂಥ ಆಟ ಈ ಸೀಮೆಗೆ ಹೊಸದೇನಲ್ಲ. ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 152207ನ್ನು 73ರಿಂದ ಗುಣಿಸಿ 11111111 ಎಂಬ ಹಾರ ಪೋಣಿಸಿದ್ದ. ಅದೂ 11ರಿಂದ ಭಾಗವಾಗುತ್ತದೆ, ಕೂಡಿ ನೋಡಿ.

ಕಮಲಾಪುರದ್ದು ಮಾತ್ರ ಜಗ್ಗುವುದಿಲ್ಲ. 765ರ ವರ್ಗ 585225, 766ರ ವರ್ಗ ನಮ್ಮ ಸಂಖ್ಯೆಯನ್ನು ದಾಟುತ್ತದೆ. ಆದ್ದರಿಂದ 765ರೊಳಗಿನ 135 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಅದಕ್ಕಿಂತ ದೊಡ್ಡ ಅಪವರ್ತನವಿದ್ದರೆ ಅದರ ಜೋಡಿ ಈ ಮಿತಿಯೊಳಗೇ ಸಿಕ್ಕಿಬೀಳಬೇಕು. 2, 3, 7, 13, 67: ಇವೆಲ್ಲ ಸರಿಯಾಗಿ 1 ಶೇಷ ಉಳಿಸಿ ಸೋಲುತ್ತವೆ. ಕಾರಣ, ಒಂದು ಕಡಿಮೆಯಿರುವ 585312 ಪುಡಿಪುಡಿಯಾಗುವ ಸಂಖ್ಯೆ: ಐದು ಎರಡುಗಳು, ಜೊತೆಗೆ 3, 7, 13, 67. ಉಳಿದ ಅವಿಭಾಜ್ಯಗಳೂ ಶೇಷ ಬಿಡುತ್ತವೆ. ಅಂದರೆ 585313 ಅಪ್ಪಟ ಅವಿಭಾಜ್ಯ. ಪವಾಡವೇನಲ್ಲ ಬಿಡಿ, ಈ ಗಾತ್ರದ ಆಸುಪಾಸಿನಲ್ಲಿ ಸರಾಸರಿ ಹದಿಮೂರು ಸಂಖ್ಯೆಗೊಂದು ಅವಿಭಾಜ್ಯ ಸಿಗುತ್ತದೆ. ಇದನ್ನು ಲಕ್ಕಿ ನಂಬರ್ ಮಾಡಿಕೊಳ್ಳಬೇಕಿಲ್ಲ.

ನನಗೆ ಹೆಚ್ಚು ರುಚಿಸಿದ್ದು ಮುಂದಿನದು. 4ರಿಂದ ಭಾಗಿಸಿದಾಗ 1 ಉಳಿಸುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ, ಅದೂ ಒಂದೇ ರೀತಿಯಲ್ಲಿ. 1640ರಲ್ಲಿ ಫರ್ಮಾ ಹೇಳಿದ ಈ ಮಾತನ್ನು ಮುಂದಿನ ಶತಮಾನದಲ್ಲಿ ಆಯ್ಲರ್ ಸಾಧಿಸಿದ. 585313 ಕೂಡ 4ಕ್ಕೆ 1 ಉಳಿಸುವಂಥದ್ದೇ, ಹುಡುಕಿದರೆ ಆ ವರ್ಗಗಳು ಸಿಗುತ್ತವೆ: 392ರ ವರ್ಗ 153664, 657ರ ವರ್ಗ 431649, ಕೂಡಿದರೆ 585313.

585101 ಕೂಡ 4ಕ್ಕೆ 1 ಶೇಷ ಕೊಡುತ್ತದೆ. ಆದರೆ ಅದರೊಳಗಿನ 11 ಮತ್ತು 43, 4ಕ್ಕೆ 3 ಉಳಿಸುವ ಜಾತಿಯವು. ಅಂಥ ಅಪವರ್ತನ ಬೆಸ ಸಲ ಬಂದರೆ ಕೆಲಸ ಕೆಟ್ಟಂತೆ. ಇಲ್ಲಿ ಒಂದೊಂದೇ ಸಲ ಬಂದಿವೆ. ಹಾಗಾಗಿ ಕಲಬುರಗಿಯ ಪಿನ್‌ಕೋಡನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಯಾರಿಂದಲೂ ಆಗದು.