ಸೈಟಿನ ಮೂಲೆಯಲ್ಲೊಂದು ವರ್ಗಮೂಲ

ಥರ್ಟಿ-ಫಾರ್ಟಿ ಸೈಟು ಅಂದ್ರೆ ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಸಾಲ ಮಾಡಿ ಕೊಳ್ಳುವ ಮುಂಚೆ ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಎದುರು ಮೂಲೆಗೂ ಟೇಪ್ ಹಿಡಿಯಿರಿ. 30ರ ವರ್ಗ 900, 40ರ ವರ್ಗ 1600, ಕೂಡಿದರೆ 2500. ಅದರ ವರ್ಗಮೂಲ ಕರಾರುವಾಕ್ಕಾಗಿ 50 ಅಡಿ. ಬದಿಗಳೆಲ್ಲ ಸರಿಯಿದ್ದೂ ಟೇಪು 45 ತೋರಿಸಿದರೆ ಸೈಟು ವಾಲಿದೆ ಅಂತ ಅರ್ಥ. 1200 ಚದರಡಿಯಲ್ಲಿ ಸುಮಾರು 24 ಚದರಡಿ ಖೋತಾ!

ಟ್ವೆಂಟಿ-ಥರ್ಟಿ ಸೈಟಿಗೆ ಬನ್ನಿ. 400 ಮತ್ತು 900 ಸೇರಿ 1300. ಮೊಬೈಲಿನಲ್ಲಿ ಒತ್ತಿದರೆ 36.0555127... ಅಂತ ಬಾಲ ಬೆಳೆಯುತ್ತದೆ. ಈ ಬಾಲ ಎಲ್ಲಾದರೂ ಮುಗಿಯುತ್ತಾ? ಸ್ಕ್ರೀನ್ ನೋಡಿ ಹೇಳೋಕಾಗಲ್ಲ. ಅದು ತೋರಿಸೋದು ಕೆಲವೇ ಅಂಕಿ. 577ನ್ನು 408ರಿಂದ ಭಾಗಿಸಿದರೆ 1.414215..., 2ರ ವರ್ಗಮೂಲ 1.414213.... ನೋಡೋಕೆ ಅಣ್ಣತಮ್ಮಂದಿರು, ಆದರೆ ಮೊದಲನೆಯದು ಭಾಗಲಬ್ಧ, ಎರಡನೆಯದು ಅಭಾಗಲಬ್ಧ.

ಸುಲಭ ದಾರಿ ಅವಿಭಾಜ್ಯ ಅಪವರ್ತನ. 2500 ಅಂದ್ರೆ 2×2×5×5×5×5. ಎಲ್ಲಕ್ಕೂ ಜೋಡಿ ಸಿಕ್ಕಿತು, ವರ್ಗಮೂಲ ಭಾಗಲಬ್ಧ. 1300 ಅಂದ್ರೆ 2×2×5×5×13. ಪಾಪ, 13 ಒಂಟಿ. ಹಾಗಾಗಿ ಅಭಾಗಲಬ್ಧ, ಬಾಲ ಮುಗಿಯೋದೂ ಇಲ್ಲ, ಒಂದೇ ಗುಂಪು ಮರುಕಳಿಸುತ್ತಾ ಹೋಗೋದೂ ಇಲ್ಲ.

ಯಾಕೆ ಹೀಗೆ? ಯಾವುದೇ ಸಂಖ್ಯೆಯನ್ನು ವರ್ಗ ಮಾಡಿದರೆ ಅದರ ಪ್ರತಿ ಅಪವರ್ತನವೂ ಇಮ್ಮಡಿಯಾಗಿ ಬರುತ್ತದೆ. ಭಿನ್ನರಾಶಿಯಲ್ಲೂ ಅಷ್ಟೇ, ಮೇಲೂ ಕೆಳಗೂ ಜೋಡಿಗಳೇ. ಒಂಟಿ 13 ಹುಟ್ಟೋದಕ್ಕೆ ಅಲ್ಲಿ ಜಾಗವೇ ಇಲ್ಲ.

ಪರೀಕ್ಷೆಯಲ್ಲಿ ಸಮಯ ಕಮ್ಮಿಯಿದ್ದಾಗ ಕೊನೆಯ ಅಂಕಿ ನೋಡಿ. ಪೂರ್ಣ ಸಂಖ್ಯೆ 2, 3, 7 ಅಥವಾ 8ರಲ್ಲಿ ಮುಗಿದರೆ ಅದು ಪೂರ್ಣವರ್ಗವಲ್ಲ. ಬೇರೆ ಅಂಕಿ ಇದ್ದರೆ ಮಾತ್ರ ಅಪವರ್ತನಕ್ಕೆ ಇಳಿಯಿರಿ.

ಎರಡು ಕಡೆ ಹುಷಾರು. 0.09ರ ವರ್ಗಮೂಲ 0.3 ನಿಜ, ಆದರೆ 0.9ರದ್ದು ಅಭಾಗಲಬ್ಧ, ಅದು 9/10, ಮತ್ತು 10 ಪೂರ್ಣವರ್ಗವಲ್ಲ. ಇನ್ನು 8/18 ನೋಡಿ ಬೆಚ್ಚಬೇಡಿ. ಸಂಕ್ಷೇಪಿಸಿದರೆ 4/9, ವರ್ಗಮೂಲ 2/3. ಮೊದಲು ಸಂಕ್ಷೇಪಿಸಿ, ಆಮೇಲೆ ತೀರ್ಪು ಕೊಡಿ.

ಅಂದಹಾಗೆ, ಟ್ವೆಂಟಿ-ಥರ್ಟಿಯವರು ಗಾಬರಿಯಾಗೋದು ಬೇಡ. 36 ಅಡಿ, ಮೇಲೆ ಮುಕ್ಕಾಲು ಇಂಚಿಗೆ ತುಸು ಕಮ್ಮಿ ಬಂದರೆ ನಿಮ್ಮ ಮೂಲೆ ಸರಿಯಾಗೇ ಇದೆ.