ಅತಿಥಿಗೊಂದು ದ್ವೀಪ, ಮನೆಯವರಿಗೊಂದು ದ್ವೀಪ

ಚೌಕಾಬಾರದ ಮಣೆಯ ಮೇಲೆ ಉರುಳುವ ಕವಡೆ ನಮ್ಮ ಮನೆಗಳಿಗೆ ಹೊಸದಲ್ಲ. ಒಂದು ಕಾಲದಲ್ಲಿ ಇದೇ ಕವಡೆ ನಾಣ್ಯವಾಗಿ ಚಲಾವಣೆಯಲ್ಲಿತ್ತು. ಬಂಗಾಳದ ಪೇಟೆಗಳಿಗೆ ಅದನ್ನು ಹಡಗು ತುಂಬಿ ಕಳುಹಿಸುತ್ತಿದ್ದ ನಾಡು ಹಿಂದೂ ಮಹಾಸಾಗರದ ಮಾಲ್ಡೀವ್ಸ್. ಅಲ್ಲಿರುವುದು ಸುಮಾರು 1,200 ದ್ವೀಪಗಳು. ಜನವಸತಿಯಿರುವುದು ಇನ್ನೂರಕ್ಕೂ ಕಡಿಮೆ ದ್ವೀಪಗಳಲ್ಲಿ. ಬೆಟ್ಟವೆಂಬುದಿಲ್ಲ, ನದಿಯೆಂಬುದಿಲ್ಲ. 2022ರ ಜನಗಣತಿಯಂತೆ ಜನಸಂಖ್ಯೆ ಸುಮಾರು 5,15,000. 2024ರಲ್ಲಿ ಬಂದುಹೋದ ಪ್ರವಾಸಿಗಳಾದರೋ 20 ಲಕ್ಷಕ್ಕೂ ಹೆಚ್ಚು! ನಾಲ್ಕು ಜನರ ಸಂಸಾರಕ್ಕೆ ವರ್ಷದಲ್ಲಿ ಹದಿನಾರು ಮಂದಿ ನೆಂಟರು ಬಂದಿಳಿದರೆ ಅಡಿಗೆಮನೆಯ ಗತಿಯೇನಾದೀತು ಎಂಬುದನ್ನು ಗೃಹಿಣಿಯರಿಗೆ ವಿವರಿಸಬೇಕಾಗಿಲ್ಲ.

1972ಕ್ಕೆ ಮೊದಲು ಈ ನೆಂಟರು ಯಾರೂ ಇರಲಿಲ್ಲ. ಸೂರೆ ಮೀನನ್ನು ಗಾಳದಿಂದ ಒಂದೊಂದಾಗಿ ಹಿಡಿದು, ಬೇಯಿಸಿ, ಹೊಗೆಗಿಟ್ಟು ಒಣಗಿಸಿ, ಸಿಂಹಳಕ್ಕೆ ಮಾರಿ, ಬಂದ ಹಣದಲ್ಲಿ ಅಕ್ಕಿ ತರುವುದೇ ಜನರ ಜೀವನಕ್ರಮವಾಗಿತ್ತು. 1965ರಲ್ಲಿ ಸ್ವಾತಂತ್ರ್ಯ ಬಂದಾಗಲೂ ನಾಡಿನಲ್ಲಿ ಒಂದು ಬ್ಯಾಂಕು ಸಹ ಇರಲಿಲ್ಲ. ಆ ದಶಕದಲ್ಲಿ ಬಂದು ಪರಿಶೀಲಿಸಿದ ವಿಶ್ವಸಂಸ್ಥೆಯ ತಜ್ಞರು ಇಲ್ಲಿ ಪ್ರವಾಸೋದ್ಯಮ ನಡೆಯುವಂತಿಲ್ಲವೆಂದೇ ಅಭಿಪ್ರಾಯಪಟ್ಟರು. ತಜ್ಞರ ಮಾತು ಸುಳ್ಳಾಗಲು ಬಹಳ ಕಾಲ ಹಿಡಿಯಲಿಲ್ಲ. 1972ರ ಆರಂಭದಲ್ಲಿ ಜಾರ್ಜ್ ಕಾರ್ಬಿನ್ ಎಂಬ ಇಟಲಿಯ ಪ್ರವಾಸ ವ್ಯವಸ್ಥಾಪಕ ಒಂದು ಸಣ್ಣ ತಂಡವನ್ನು ಕರೆತಂದ. ಹೋಟಲೇ ಇಲ್ಲದ ಮಾಲೆ ಪಟ್ಟಣದಲ್ಲಿ ಅವರು ಮನೆಗಳಲ್ಲಿಯೇ ತಂಗಿದರು. ಅದೇ ವರ್ಷದ ಅಕ್ಟೋಬರಿನಲ್ಲಿ, ಹವಳದ ಕಲ್ಲಿನ ಗೋಡೆಯ, ತೆಂಗಿನ ಗರಿಯ ಮಾಡಿನ ಮೂವತ್ತು ಕೋಣೆಗಳೊಂದಿಗೆ ಮೊದಲ ರೆಸಾರ್ಟ್ ತೆರೆಯಿತು. ಅದರ ಹೆಸರು ಕುರುಂಬಾ. ದಿವೇಹಿ ಭಾಷೆಯಲ್ಲಿ ಎಳನೀರು ಎಂದರ್ಥ. 1974ರಲ್ಲಿ ನಮ್ಮ ಸ್ಟೇಟ್ ಬ್ಯಾಂಕು ಮಾಲೆಯಲ್ಲಿ ಶಾಖೆ ತೆರೆದು, ಅಲ್ಲಿಂದ ಮುಂದೆ ಅನೇಕ ರೆಸಾರ್ಟುಗಳಿಗೆ ಬಂಡವಾಳವನ್ನೊದಗಿಸಿತು.

ಅನಂತರ ಸರಕಾರ ಹಿಡಿದ ದಾರಿ ವಿಶಿಷ್ಟವಾದದ್ದು. ನಿರ್ಜನ ದ್ವೀಪಗಳನ್ನು ಮಾತ್ರ ಗುತ್ತಿಗೆಗೆ ಕೊಡುವುದು. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಮಾಲ್ಡೀವ್ಸಿನ ಜನರು ಮುಸಲ್ಮಾನರು. ಊರಿರುವ ದ್ವೀಪಗಳಲ್ಲಿ ಮದ್ಯ ನಿಷಿದ್ಧ. ಪರದೇಶದವರ ಪಾನ, ಉಡುಪು, ನಡೆನುಡಿ ಊರಿಗೆ ತಾಗದಂತೆ ಸಮುದ್ರವೇ ಗೋಡೆಯಾಗಿ ನಿಂತಿತು. ಉಪಾಯ ಫಲಿಸಿತೆಂದೇ ಹೇಳಬೇಕು. ಬಂದ ಹಣದಿಂದ ಶಾಲೆಗಳಾದವು, ಆಸ್ಪತ್ರೆಗಳಾದವು. 2011ರಲ್ಲಿ ವಿಶ್ವಸಂಸ್ಥೆಯ ಅತ್ಯಂತ ಹಿಂದುಳಿದ ರಾಷ್ಟ್ರಗಳ ಪಟ್ಟಿಯಿಂದ ಮಾಲ್ಡೀವ್ಸಿನ ಹೆಸರು ಹೊರಬಂದಿತು.

ಆದರೆ ಗೋಡೆಗೆ ಎರಡು ಮುಖಗಳು. ನಿರ್ಜನವೆನಿಸಿಕೊಂಡ ದ್ವೀಪಗಳು ಊರವರಿಗೆ ಉಪಯೋಗವಿಲ್ಲದವುಗಳಾಗಿರಲಿಲ್ಲ. ತೆಂಗಿನಕಾಯಿ, ಸೌದೆ, ಮೀನಿಗೆ ಬೇಕಾದ ಎರೆ ಇವೆಲ್ಲಕ್ಕೂ ಅವರು ದೋಣಿ ಕಟ್ಟಿಕೊಂಡು ಹೋಗುತ್ತಿದ್ದುದು ಅಲ್ಲಿಗೇ. ಗುತ್ತಿಗೆಯಾದ ಮೇಲೆ ಅಲ್ಲಿ ಕಾಲಿಡಲು ಅಪ್ಪಣೆ ಬೇಕಾಯಿತು. ಕೆಲಸಕ್ಕೆ ಹೋದ ತರುಣರು ಅಲ್ಲಿಯೇ ಉಳಿಯಬೇಕು. ಮನೆಯ ಮುಖ ನೋಡುವುದು ರಜೆ ದೊರೆತಾಗ. ಹೆಣ್ಣುಮಕ್ಕಳನ್ನು ಹಾಗೆ ದೂರದ ದ್ವೀಪಕ್ಕೆ ಕಳುಹಿಸಲು ತಾಯ್ತಂದೆಗಳು ಒಪ್ಪುವುದು ಅಪರೂಪ. ಹೀಗಾಗಿ ನಾಡಿನ ಅತಿ ದೊಡ್ಡ ಉದ್ಯಮದಲ್ಲಿ ಆ ನಾಡಿನ ಹೆಂಗಸರ ಪಾಲು ಅತ್ಯಲ್ಪ. ತೆರವಾದ ಸ್ಥಳಗಳಿಗೆ ಬಂಗ್ಲಾದೇಶ, ಭಾರತ, ಶ್ರೀಲಂಕೆಗಳಿಂದ ಜನ ಬರುತ್ತಾರೆ. ಪ್ರವಾಸಿಯ ತಟ್ಟೆಗೆ ಬೀಳುವ ಪದಾರ್ಥಗಳಲ್ಲಿ ಮೀನೊಂದನ್ನು ಬಿಟ್ಟರೆ ಬಹುತೇಕ ಎಲ್ಲವೂ ಹಡಗಿನಿಂದಲೋ ವಿಮಾನದಿಂದಲೋ ಬಂದವು. ಅವನು ತೆತ್ತ ಹಣದ ಒಂದು ದೊಡ್ಡ ಭಾಗ ಹಾಗೆಯೇ ಬಂದ ದಾರಿಯಲ್ಲಿ ಹಿಂದಿರುಗುತ್ತದೆ.

ಹಿಂದಿರುಗದೆ ಉಳಿಯುವುದು ಕಸ. 1990ರ ದಶಕದ ಆರಂಭದಲ್ಲಿ ಮಾಲೆಯ ಪಶ್ಚಿಮಕ್ಕೆ, ಕೆಲವೇ ಕಿಲೋಮೀಟರುಗಳ ಅಂತರದಲ್ಲಿದ್ದ ಒಂದು ಆಳವಿಲ್ಲದ ಕಡಲಕೊಳವನ್ನು ಕಸದಿಂದ ತುಂಬಿಸಲಾರಂಭಿಸಿದರು. ತುಂಬಿ ತುಂಬಿ ಅದೇ ಒಂದು ದ್ವೀಪವಾಯಿತು: ತಿಲಾಫುಶಿ. ರಾಜಧಾನಿಯ ಕಸವೂ ರೆಸಾರ್ಟುಗಳ ಕಸವೂ ಅಲ್ಲಿ ವರ್ಷಗಟ್ಟಲೆ ಬಯಲಿನಲ್ಲೇ ಉರಿದು, ಹೊಗೆ ರಾಜಧಾನಿಯ ಮನೆಗಳ ಕಡೆಗೂ ಬೀಸುತ್ತಿತ್ತು. ಬಯಲಲ್ಲಿ ಸುಡುವುದು ನಿಂತದ್ದು 2021ರಲ್ಲಿ. ಪ್ರವಾಸಿಗಳು ಕೊಂಡೊಯ್ಯುವ ಚಿತ್ರಗಳಲ್ಲಿ ಈ ದ್ವೀಪ ಕಾಣಸಿಗದು.

ನೀರಿನ ಕಥೆ ಬೇರೆ. ಹೆಚ್ಚಿದ ಜನಕ್ಕೆ ನೆಲದಡಿಯ ಸಿಹಿನೀರು ಸಾಲದೆ, ಯಂತ್ರಗಳಿಂದ ಕಡಲನೀರಿನ ಉಪ್ಪು ತೆಗೆದು ಕುಡಿಯಬೇಕಾಗಿದೆ. ರೆಸಾರ್ಟುಗಳಿಗೆ ಅವುಗಳದೇ ಯಂತ್ರಗಳುಂಟು. 2014ರ ಡಿಸೆಂಬರಿನಲ್ಲಿ ಮಾಲೆಯ ನೀರಿನ ಕಾರ್ಖಾನೆಗೆ ಬೆಂಕಿ ತಗುಲಿದಾಗ ಒಂದು ಲಕ್ಷಕ್ಕೂ ಹೆಚ್ಚು ಜನರ ನಲ್ಲಿಗಳು ಒಣಗಿದವು. ಭಾರತ ವಿಮಾನ, ಹಡಗುಗಳಲ್ಲಿ ಕುಡಿಯುವ ನೀರನ್ನು ಕಳುಹಿಸಿತು.

ಒಂದು ಜೀವಿಗೆ ಮಾತ್ರ ಈ ಅತಿಥಿಗಳಿಂದ ನಿಸ್ಸಂದೇಹವಾಗಿ ಒಳಿತಾಯಿತು. ಕೊಂದು ಮಾರಿದ ಶಾರ್ಕಿಗಿಂತ, ಮುಳುಗುಗಾರರಿಗೆ ತೋರಿಸಿದ ಜೀವಂತ ಶಾರ್ಕು ಹೆಚ್ಚು ಗಳಿಸಿಕೊಡುವುದೆಂದು ಲೆಕ್ಕ ಹಾಕಿ, 2010ರಲ್ಲಿ ಶಾರ್ಕ್ ಬೇಟೆಯನ್ನು ನಿಷೇಧಿಸಿದರು. ಅದನ್ನೇ ನಂಬಿದ್ದ ಬೆಸ್ತರು ಬೇರೆ ಕಸುಬು ಹುಡುಕಬೇಕಾಯಿತು.

ಅದೇ ಸುಮಾರಿಗೆ ಗೋಡೆಯೂ ಬಿರಿಯಿತು. ಊರಿರುವ ದ್ವೀಪಗಳಲ್ಲಿಯೂ ವಸತಿಗೃಹ ನಡೆಸಲು ಅನುಮತಿ ದೊರೆಯಿತು. ಮಾಫುಶಿಯಂಥ ಬೆಸ್ತರ ಊರಿನಲ್ಲಿ ಈಗ ಸಾಲುಸಾಲು ಅತಿಥಿಗೃಹಗಳು. ಬಾಡಿಗೆ ಮನೆಯವರ ಕೈಗೇ ಬರುತ್ತದೆ. ದುಡಿಯಲು ಕಡಲು ದಾಟಬೇಕಾಗಿಲ್ಲ. ಪರದೇಶದ ಹೆಂಗಸರು ಈಜುಡುಗೆಯಲ್ಲಿ ಬಿಸಿಲು ಕಾಯಿಸಿಕೊಳ್ಳಲು ಊರಿನ ಕಣ್ಣಿಗೆ ಬೀಳದಂತೆ ಮರೆಮಾಡಿದ ಒಂದು ಮರಳದಂಡೆಯುಂಟು; ಊರಿನ ಬೀದಿಗಳಲ್ಲಿ ಮಾತ್ರ ಮೈತುಂಬ ಬಟ್ಟೆ ಧರಿಸಬೇಕೆಂಬ ಫಲಕವುಂಟು. ಮದ್ಯ ಊರೊಳಗೆ ಇಂದಿಗೂ ಇಲ್ಲ. ಬೇಕೆಂಬುವರಿಗಾಗಿ ದಡದಿಂದಾಚೆ ಹಡಗೊಂದು ಲಂಗರು ಹಾಕಿ ನಿಂತಿರುತ್ತದೆ. ಅಲ್ಲಿಗೆ ದೋಣಿಯಲ್ಲಿ ಕೆಲವೇ ನಿಮಿಷಗಳ ಪ್ರಯಾಣ.